ಕಾಣೆಯಾದ ಡ್ರಿಲ್ ಮೆಷಿನ್ ಹುಡುಕಿಕೊಡುವ ಬ್ಲೂಟೂತ್ ಬಿಲ್ಲೆ: ಗುಜರಾತಿನ ಕನ್ನಡಿಗ ಗುತ್ತಿಗೆದಾರರಿಗೆ ಒಂದಿಷ್ಟು ಮಾಹಿತಿ

ಅಹಮದಾಬಾದ್: ನವರಾತ್ರಿಯಲ್ಲಿ ಇಡೀ ಗುಜರಾತ್ ಗರ್ಬಾದಲ್ಲಿ ಮುಳುಗಿರುವಾಗ ಇಲ್ಲಿನ ಕನ್ನಡಿಗರಿಗೆ ಆಯುಧ ಪೂಜೆಯ ಸಡಗರ. ಕಟ್ಟಡ ಕೆಲಸದ ಗುತ್ತಿಗೆ ಹಿಡಿದವರ ಗೋದಾಮಿನಲ್ಲಿ ಆ ದಿನ ಡ್ರಿಲ್ ಮೆಷಿನ್, ಗ್ರೈಂಡರ್, ಮಾರ್ಬಲ್ ಕಟರ್, ವೈಬ್ರೇಟರ್ ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತಾರೆ. ಬೇರೆ ಬೇರೆ ಸೈಟುಗಳಲ್ಲಿ ಚದುರಿರುವ ಸಾಮಾನೆಲ್ಲ ಒಂದೇ ಕಡೆ ಸೇರುವುದು ವರ್ಷಕ್ಕೆ ಅದೊಂದು ದಿನ. ಹೋದ ವರ್ಷ ಪೂಜೆಗೆ ನಾಲ್ಕು ಡ್ರಿಲ್ ಮೆಷಿನ್ ಇದ್ದವು, ಈ ಸಲ ಮೂರೇ ಇವೆ ಎಂಬುದು ಗೊತ್ತಾಗುವುದೂ ಅಂದೇ.

ನಾಲ್ಕನೆಯದು ಎಲ್ಲಿ ಹೋಯಿತು? ಸೂರತ್ ಸೈಟಿನಲ್ಲೇ ಉಳಿಯಿತೇ? ರಿಪೇರಿಗೆ ಕೊಟ್ಟು ಮರೆತುಹೋಯಿತೇ? ಅಥವಾ ಯಾರಾದರೂ ಒಯ್ದರೇ? ಈ ಕೊನೆಯ ಪ್ರಶ್ನೆ ಬಂದೊಡನೆ ಬೆರಳು ತಿರುಗುವುದು ಸಾಮಾನ್ಯವಾಗಿ ಕೂಲಿ ಕೆಲಸದವನ ಕಡೆಗೆ. ಬೆಳಿಗ್ಗೆ ಕಡಿಯಾನಾಕಾದಲ್ಲಿ ಬುತ್ತಿ ಹಿಡಿದು ಕೆಲಸಕ್ಕಾಗಿ ಕಾದು ನಿಲ್ಲುವ ದಾಹೋದ್, ಪಂಚಮಹಲ್, ಝಾಬುವಾ, ಬಾಂಸವಾಡಾ ಕಡೆಯವರ ದಿನಗೂಲಿಯಲ್ಲಿ ಡ್ರಿಲ್ ಮೆಷಿನ್ನಿನ ಬೆಲೆ ಮುರಿದುಕೊಂಡರೆ ಆ ಮನೆಯಲ್ಲಿ ಎಷ್ಟು ದಿನ ಒಲೆ ಉರಿಯದು ಎಂಬುದನ್ನು ಹೇಳಬೇಕಾಗಿಲ್ಲ. ಆಮೇಲೆ ಆ ಮೆಷಿನ್ ನಮ್ಮದೇ ಟೆಂಪೋದ ಸೀಟಿನ ಹಿಂದೆ ಸಿಕ್ಕರೆ ಹೇಗಾದೀತು?

ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವ ಬ್ಲೂಟೂತ್ ಟ್ರ್ಯಾಕರ್ ಎಂಬ ಪುಟ್ಟ ಬಿಲ್ಲೆ ಈ ತೊಂದರೆಗೆ ಸ್ವಲ್ಪ ಮಟ್ಟಿಗೆ ಪರಿಹಾರ ಒದಗಿಸಬಲ್ಲದು. ಅದು ಏನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ತಿಳಿದುಕೊಂಡರೆ ಗುತ್ತಿಗೆದಾರರಿಗೂ ಕೆಲಸಗಾರರಿಗೂ ಒಳಿತು.

ಬಿಲ್ಲೆ ಕೆಲಸ ಮಾಡುವ ಬಗೆ

ಬ್ಲೂಟೂತ್ ಎಂಬ ಹೆಸರು 10ನೇ ಶತಮಾನದ ಡೆನ್ಮಾರ್ಕ್ ದೊರೆ ಹರಾಲ್ಡ್‌ನ ಅಡ್ಡಹೆಸರಿನಿಂದ ಬಂದದ್ದು. 1998ರಲ್ಲಿ ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ, ತೋಷಿಬಾ ಎಂಬ ಐದು ಕಂಪೆನಿಗಳು ಸೇರಿ ಇದಕ್ಕಾಗಿ ಒಂದು ಒಕ್ಕೂಟ ಮಾಡಿಕೊಂಡವು. 2010ರಲ್ಲಿ ಬಹಳ ಕಡಿಮೆ ವಿದ್ಯುತ್ ಬಳಸುವ ಹೊಸ ಆವೃತ್ತಿ ಬಂತು. ನಾಣ್ಯದಂತಹ ಒಂದು ಬ್ಯಾಟರಿಯಲ್ಲಿ ವರ್ಷದ ತನಕ ನಡೆಯುವ ಬಿಲ್ಲೆಗಳು ಸಾಧ್ಯವಾದದ್ದು ಆ ನಂತರವೇ.

ಇದರೊಳಗೆ ಸಿಮ್ ಕಾರ್ಡ್ ಇಲ್ಲ, ಜಿಪಿಎಸ್ ಇಲ್ಲ. ಲಾರಿ, ಟ್ಯಾಕ್ಸಿಗಳಿಗೆ ಹಾಕುವ ಜಿಪಿಎಸ್ ಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬಿಲ್ಲೆ ತಾನಿರುವ ಜಾಗದಿಂದ ಸಣ್ಣ ರೇಡಿಯೋ ಸಂಕೇತವೊಂದನ್ನು ಮತ್ತೆ ಮತ್ತೆ ಹೊರಡಿಸುತ್ತಿರುತ್ತದೆ. ಹತ್ತಿರದಲ್ಲಿ ಹಾದುಹೋಗುವ ಯಾರದ್ದಾದರೂ ಮೊಬೈಲ್ ಆ ಸಂಕೇತವನ್ನು ಗ್ರಹಿಸಿ, ತಾನಿರುವ ಸ್ಥಳವನ್ನು ಗುಪ್ತವಾಗಿ ಕಂಪೆನಿಯ ಕಂಪ್ಯೂಟರಿಗೆ ತಲುಪಿಸುತ್ತದೆ. ಬಿಲ್ಲೆಯ ಒಡೆಯ ತನ್ನ ಫೋನ್ ತೆರೆದರೆ ನಕಾಶೆಯಲ್ಲಿ ಆ ಸ್ಥಳ ಕಾಣಿಸುತ್ತದೆ. ಹಾದುಹೋದ ವ್ಯಕ್ತಿಗೆ ಇದಾವುದರ ಅರಿವೂ ಇರುವುದಿಲ್ಲ.

ಅಂದರೆ ಬಿಲ್ಲೆ ತೋರಿಸುವುದು ಕೊನೆಯ ಬಾರಿ ಯಾವುದೋ ಫೋನಿಗೆ ಕಂಡ ಜಾಗವನ್ನು. ಅದು ಐದು ನಿಮಿಷದ ಹಿಂದಿನದ್ದಿರಬಹುದು, ಐದು ಗಂಟೆಯ ಹಿಂದಿನದ್ದೂ ಇರಬಹುದು. ನಕಾಶೆಯಲ್ಲಿ ಜಾಗದ ಜತೆಗೆ ಸಮಯವನ್ನೂ ನೋಡುವುದು ಮುಖ್ಯ.

ವರ್ಜೀನಿಯಾದ ಬಡಗಿ ಮಾಡಿದ್ದು

ಈ ಬಿಲ್ಲೆಯ ಸಾಮರ್ಥ್ಯ ಜಗತ್ತಿಗೆ ತಿಳಿದದ್ದು ಅಮೆರಿಕದ ಒಬ್ಬ ಬಡಗಿಯಿಂದ ಎನ್ನಲಡ್ಡಿಯಿಲ್ಲ. ವರ್ಜೀನಿಯಾ ರಾಜ್ಯದ ಆತನ ವ್ಯಾನಿನಿಂದ ಉಪಕರಣಗಳು ಪದೇ ಪದೇ ಕಳುವಾಗುತ್ತಿದ್ದವು. ಬೇಸತ್ತ ಆತ ದೊಡ್ಡ ಉಪಕರಣಗಳಲ್ಲಿ ಆ್ಯಪಲ್ ಕಂಪೆನಿಯ ಏರ್‌ಟ್ಯಾಗ್ ಬಿಲ್ಲೆಗಳನ್ನು ಅಡಗಿಸಿಟ್ಟ. 2024ರ ಜನವರಿಯಲ್ಲಿ ಮತ್ತೆ ಕಳವಾದಾಗ ಬಿಲ್ಲೆಯ ಜಾಡು ಹಿಡಿದು ಹೋದರೆ ಅದು ತೋರಿಸಿದ್ದು ಪಕ್ಕದ ಮೇರಿಲ್ಯಾಂಡ್ ರಾಜ್ಯದ ಹೊವರ್ಡ್ ಕೌಂಟಿಯ ಬಾಡಿಗೆ ಗೋದಾಮೊಂದನ್ನು. ಆತ ಪೊಲೀಸರಿಗೆ ತಿಳಿಸಿದ. ತನಿಖೆ ಮುಂದುವರಿದು 12 ಕಡೆಗಳಲ್ಲಿ ಸುಮಾರು 15,000 ಉಪಕರಣಗಳು ಸಿಕ್ಕಿದವು. ಅವುಗಳ ಬೆಲೆ 30ರಿಂದ 50 ಲಕ್ಷ ಡಾಲರ್ ಎಂದು ಪೊಲೀಸರು ಅಂದಾಜು ಮಾಡಿದರು.

ಒಬ್ಬ ಬಡಗಿಯ ಕೆಲವು ಬಿಲ್ಲೆಗಳು ನೂರಾರು ಕೆಲಸಗಾರರ ಹೊಟ್ಟೆಪಾಡಿನ ಸಾಮಾನನ್ನು ಬೆಳಕಿಗೆ ತಂದವು. ಆತ ಗೋದಾಮಿನ ಬಾಗಿಲು ತಾನೇ ಒಡೆಯಲು ಹೋಗದೆ ಪೊಲೀಸರನ್ನು ಕರೆದದ್ದನ್ನೂ ಇಲ್ಲಿ ಗಮನಿಸಬೇಕು.

ಮೂರು ನಗರ, ಒಂದೇ ಟೆಂಪೋ

ನಮ್ಮಲ್ಲಿ ದೊಡ್ಡ ಕಾಮಗಾರಿಗಳ ಕಥೆಯೇ ಬೇರೆ. 508 ಕಿ.ಮೀ. ಉದ್ದದ ಮುಂಬಯಿ-ಅಹಮದಾಬಾದ್ ಬುಲೆಟ್ ರೈಲು ಮಾರ್ಗವಾಗಲಿ, ಸೂರತ್ ಮೆಟ್ರೋ ಆಗಲಿ, ಅಂತಹ ಕಡೆ ಸ್ಟೋರ್ ಕೀಪರ್ ಇರುತ್ತಾನೆ, ಗೇಟ್ ಪಾಸ್ ಇರುತ್ತದೆ. ತೊಂದರೆ ಇರುವುದು ಹತ್ತು ಹದಿನೈದು ಜನರನ್ನು ಇಟ್ಟುಕೊಂಡು ಇಂಟೀರಿಯರ್, ಪ್ಲಂಬಿಂಗ್, ವೈರಿಂಗ್, ಟೈಲ್ಸ್ ಕೆಲಸ ಮಾಡಿಸುವವರಿಗೆ.

ಅಂತಹ ಒಬ್ಬರನ್ನು ಊಹಿಸಿಕೊಳ್ಳೋಣ. ಅಹಮದಾಬಾದಿನ ಬೋಪಲ್‌ನಲ್ಲಿ ಒಂದು ಫ್ಲ್ಯಾಟ್, ವಡೋದರದ ಗೋತ್ರಿಯಲ್ಲಿ ಒಂದು ಬಂಗಲೆ, ಸೂರತ್‌ನ ವೇಸುವಿನಲ್ಲಿ ಒಂದು ಅಂಗಡಿ. ಮೂರಕ್ಕೂ ಸೇರಿ ಕಾಂಕ್ರೀಟ್ ಕೊರೆಯುವ ಮೆಷಿನ್ ಎರಡೇ, ಲೇಸರ್ ಲೆವೆಲ್ ಒಂದೇ. ಒಂದೇ ಟೆಂಪೋ ಹೆದ್ದಾರಿಯಲ್ಲಿ ಓಡಾಡುತ್ತಿರುತ್ತದೆ. ಸೂರತ್‌ನಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಲೇಸರ್ ಲೆವೆಲ್ ಸಿಗುವುದಿಲ್ಲ. ಫೋನ್ ಮೇಲೆ ಫೋನ್. ಅದು ಗೋತ್ರಿಯಲ್ಲೇ ಉಳಿದಿದೆ ಎಂದು ತಿಳಿಯುವಾಗ ಮಧ್ಯಾಹ್ನ. ಅಷ್ಟರಲ್ಲಿ ನಾಲ್ಕು ಜನರ ಅರ್ಧ ದಿನದ ಕೂಲಿ ನೀರುಪಾಲು. ಉಪಕರಣ ಕಳ್ಳತನವಾಗದಿದ್ದರೂ ಆಗುವ ನಷ್ಟ ಇದು. ದಿನನಿತ್ಯ ಬಿಲ್ಲೆಯ ಪ್ರಯೋಜನ ಹೆಚ್ಚಾಗಿ ಇಂತಹ ಕಡೆಯೇ. ಲೆವೆಲ್‌ನ ಪೆಟ್ಟಿಗೆಯಲ್ಲಿ ಬಿಲ್ಲೆ ಇದ್ದಿದ್ದರೆ ಹಿಂದಿನ ರಾತ್ರಿಯೇ ಫೋನಿನಲ್ಲಿ ನೋಡಿ ಟೆಂಪೋ ಡ್ರೈವರಿಗೆ ಹೇಳಬಹುದಿತ್ತು.

ಕೊಳ್ಳುವ ಮೊದಲು ಗಮನಿಸಿ

ಏರ್‌ಟ್ಯಾಗ್ 2021ರಲ್ಲಿ ಬಂದಾಗ ಭಾರತದಲ್ಲಿ ಒಂದರ ಬೆಲೆ 3,190 ರೂಪಾಯಿ ಇತ್ತು. ಅದು ಐಫೋನ್ ಇದ್ದವರಿಗೆ ಮಾತ್ರ ಹೊಂದುತ್ತದೆ, ಸ್ಥಳ ತಿಳಿಸುವುದೂ ಸುತ್ತಮುತ್ತಲಿನ ಆ್ಯಪಲ್ ಸಾಧನಗಳೇ. ಸೈಟಿನಲ್ಲಿರುವ ಕೆಲಸಗಾರರ ಕೈಯಲ್ಲಿ ಹೆಚ್ಚಾಗಿ ಇರುವುದು ಆಂಡ್ರಾಯ್ಡ್ ಫೋನ್. ಆದ್ದರಿಂದ ಬೋಪಲ್‌ನ ಸೊಸೈಟಿಯಲ್ಲಿ ಚೆನ್ನಾಗಿ ಕಾಣಿಸುವ ಏರ್‌ಟ್ಯಾಗ್ ಊರಾಚೆಯ ಹೊಸ ಲೇಔಟಿನಲ್ಲಿ ಗಂಟೆಗಟ್ಟಲೆ ಮೌನವಾಗಿರಬಹುದು.

ಗೂಗಲ್ ಕಂಪೆನಿ ಆಂಡ್ರಾಯ್ಡ್ ಫೋನುಗಳ ಇಂತಹದೇ ಜಾಲವನ್ನು 2024ರ ಏಪ್ರಿಲ್‌ನಲ್ಲಿ ಮೊದಲು ಅಮೆರಿಕ, ಕೆನಡಾಗಳಲ್ಲಿ ಆರಂಭಿಸಿ ಬಳಿಕ ಉಳಿದ ದೇಶಗಳಿಗೆ ವಿಸ್ತರಿಸಿತು. 2025ರಲ್ಲಿ ಅದಕ್ಕೆ ಫೈಂಡ್ ಹಬ್ ಎಂದು ಹೆಸರಿಟ್ಟಿತು. ಆ ಜಾಲಕ್ಕೆ ಹೊಂದುವ ಜಿಯೋಟ್ಯಾಗ್ ಗೋ 2024ರ ಡಿಸೆಂಬರ್‌ನಲ್ಲಿ 1,499 ರೂಪಾಯಿಗೆ ಮಾರುಕಟ್ಟೆಗೆ ಬಂತು. ಇಲ್ಲೂ ಒಂದು ಮಾತಿದೆ. ಜನರ ಗೋಪ್ಯತೆ ಕಾಪಾಡಲು ಗೂಗಲ್ ಮಾಡಿರುವ ಏರ್ಪಾಡಿನಂತೆ, ಮೊದಲೇ ಹೊಂದಿಸಿಟ್ಟ ಸ್ಥಿತಿಯಲ್ಲಿ ಫೋನುಗಳು ಜನಸಂದಣಿಯ ಜಾಗದಲ್ಲಿ, ಹಲವು ಫೋನುಗಳಿಗೆ ಬಿಲ್ಲೆ ಕಂಡಾಗ ಮಾತ್ರ ಸ್ಥಳ ತಿಳಿಸುತ್ತವೆ. ಕಾಲುಪುರ್ ರೈಲು ನಿಲ್ದಾಣದಲ್ಲಿ ಇದು ಬೇಗ ಆದೀತು, ಮೂರೇ ಜನ ಕೆಲಸ ಮಾಡುವ ಮನೆಯಲ್ಲಿ ಆಗದಿರಬಹುದು. ಮೇಸ್ತ್ರಿಯ ಒಪ್ಪಿಗೆ ಪಡೆದು ಅವರ ಫೋನಿನ ಸೆಟ್ಟಿಂಗ್‌ನಲ್ಲಿ ಎಲ್ಲ ಪ್ರದೇಶಗಳಲ್ಲೂ ಎಂಬುದನ್ನು ಆರಿಸಿದರೆ ಸ್ವಲ್ಪ ಅನುಕೂಲ.

ಸರಿಯಾದ ಜಾಗದಲ್ಲಿ ಇಡುವುದೂ ಮುಖ್ಯ. ತಗಡಿನ ಪೆಟ್ಟಿಗೆಯೊಳಗೆ ಇಟ್ಟರೆ ಸಂಕೇತ ಹೊರಬರುವುದು ಕಷ್ಟ. ಕಬ್ಬಿಣ ತುಂಬಿದ ಕಾಂಕ್ರೀಟ್ ಗೋಡೆ, ಎರಡು ಅಂತಸ್ತಿನ ಬೇಸ್‌ಮೆಂಟ್ ಕೂಡ ಅಡ್ಡಿಯೇ. ಮೆಷಿನ್ನಿನ ಹೊರಕವಚ ಬಿಚ್ಚಿ ಮೋಟಾರಿನ ಪಕ್ಕ ತುರುಕಬಾರದು. ಬಿಸಿಯಿಂದ, ನಡುಕದಿಂದ ಬಿಲ್ಲೆ ಹಾಳಾದೀತು, ಗಾಳಿ ಆಡುವ ಕಿಂಡಿ ಮುಚ್ಚಿದರೆ ಮೆಷಿನ್ ಸುಟ್ಟೀತು, ವಾರಂಟಿಯೂ ಹೋದೀತು. ಮೆಷಿನ್ನಿನ ಪ್ಲಾಸ್ಟಿಕ್ ಪೆಟ್ಟಿಗೆಯ ಒಳಗೆ ಅಂಟಿಸುವುದು ಸುಲಭದ ದಾರಿ. ಆದರೆ ಪೆಟ್ಟಿಗೆ ಬಿಟ್ಟು ಮೆಷಿನ್ ಮಾತ್ರ ಒಯ್ದರೆ ಬಿಲ್ಲೆ ಪೆಟ್ಟಿಗೆಯ ಜಾಗವನ್ನೇ ತೋರಿಸುತ್ತಿರುತ್ತದೆ ಎಂಬುದು ನೆನಪಿರಲಿ.

ಎಲ್ಲದಕ್ಕೂ ಬಿಲ್ಲೆ ಹಾಕುವ ಅಗತ್ಯವಿಲ್ಲ. ಸುತ್ತಿಗೆ, ಕರಣೆ, ಸಣ್ಣ ಗ್ರೈಂಡರ್‌ಗಳಿಗೆ ಹಾಕಿದರೆ ಕೋಳಿಗಿಂತ ಮಸಾಲೆಯೇ ದುಬಾರಿ. ಲೇಸರ್ ಲೆವೆಲ್, ದೊಡ್ಡ ಬ್ರೇಕರ್, ವೆಲ್ಡಿಂಗ್ ಸೆಟ್, ಊರಿಂದೂರಿಗೆ ತಿರುಗುವ ಟೂಲ್ ಬಾಕ್ಸ್ ಇಷ್ಟಕ್ಕೆ ಸಾಕು. ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಲು ಮರೆಯಬಾರದು.

ಎಲ್ಲಿದೆ ಎನ್ನುತ್ತದೆ, ಯಾರು ಒಯ್ದರು ಎನ್ನದು

ಈಗ ಮುಖ್ಯ ವಿಷಯಕ್ಕೆ ಬರೋಣ. ಬಿಲ್ಲೆ ಸಾಮಾನಿನ ಜಾಗ ಹೇಳುತ್ತದೆಯೇ ಹೊರತು ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಹೇಳುವುದಿಲ್ಲ. ಕೆಲಸಗಾರರು ಉಳಿದುಕೊಳ್ಳುವ ಕೋಣೆಯ ಮೇಲೆ ಚುಕ್ಕೆ ಕಂಡಿತೆಂದರೆ ಕಳ್ಳತನವೇ ಆಗಿದೆ ಎಂದೇನಿಲ್ಲ. ಸೈಟಿಗೆ ಬೀಗವಿಲ್ಲ, ಮಳೆ ಬರುವ ಹಾಗಿದೆ ಎಂದು ಮೆಷಿನ್ ಜೋಪಾನವಾಗಿ ಒಯ್ದಿಟ್ಟವನೂ ಅಲ್ಲೇ ಇರುತ್ತಾನೆ. ಅಲ್ಲದೆ ನಕಾಶೆಯ ಚುಕ್ಕೆ ಹತ್ತಾರು ಮೀಟರ್ ಆಚೀಚೆ ಆಗಬಹುದು. ಒತ್ತೊತ್ತಾಗಿ ಮನೆಗಳಿರುವ ಕಡೆ ಯಾವ ಬಾಗಿಲು ಎಂದು ಅದು ಖಚಿತವಾಗಿ ತೋರಿಸಲಾರದು.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಸಾಮಾನು ನೇರವಾಗಿ ಆತನ ನಿರ್ಲಕ್ಷ್ಯದಿಂದಲೇ ಕಳೆದಿದ್ದರೆ ಮಾತ್ರ ಕೂಲಿಯಲ್ಲಿ ಹಿಡಿದುಕೊಳ್ಳಬಹುದು. ಅದಕ್ಕೆ ಮೊದಲು ಆತನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ನಿಯಮವನ್ನು 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಉಳಿಸಿಕೊಳ್ಳಲಾಗಿದೆ. ಅನುಮಾನದ ಮೇಲೆ ಪಗಾರ ಮುರಿಯಲು ಯಾವ ಧಣಿಗೂ ಅಧಿಕಾರವಿಲ್ಲ.

ಹಾಗಾಗಿ ಬಿಲ್ಲೆಯ ಜತೆಗೆ ಹಳೆಯ ಕಾಲದ ಒಂದು ಪುಸ್ತಕವೂ ಬೇಕು. ತಾರೀಕು, ಮೆಷಿನ್ನಿನ ನಂಬರು, ಯಾರ ಕೈಗೆ ಕೊಟ್ಟದ್ದು, ಯಾವಾಗ ಹಿಂದೆ ಬಂದದ್ದು, ಸಹಿ. ಸಹಿ ಬಾರದವರಿದ್ದರೆ ಮೆಷಿನ್ ಹಿಡಿದುಕೊಂಡಂತೆ ಒಂದು ಫೋಟೋ ಸಾಕು. ಪ್ರತಿ ಮೆಷಿನ್ನಿನ ಬಿಲ್ಲು ಮತ್ತು ಸೀರಿಯಲ್ ನಂಬರಿನ ಫೋಟೋ ಫೋನಿನಲ್ಲಿ ಇರಲಿ. ನಿಜವಾಗಿ ಕಳುವಾದಾಗ ಪೊಲೀಸ್ ಠಾಣೆಯಲ್ಲಿ ಇದು ನನ್ನದೇ ಎಂದು ತೋರಿಸಲು ಬೇಕಾಗುವುದು ಇವೇ. ನಕಾಶೆಯ ಚುಕ್ಕೆ ಹಿಡಿದು ತಾವೇ ಯಾರದ್ದೋ ಬಾಗಿಲು ತಟ್ಟಲು ಹೋಗಬಾರದು. ಪರಭಾಷೆಯ ಊರಿನಲ್ಲಿ ಅದರಿಂದ ಜಗಳವೇ ಆದೀತು.

ಅಹಮದಾಬಾದಿನ ಭಾನುವಾರದ ಗುಜರಿ ಬಜಾರಿನಂತಹ ಕಡೆ ಹಳೆಯ ಮೆಷಿನ್ ಕೊಳ್ಳುವವರೂ ನಮ್ಮಲ್ಲಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಂಬರ್ ಅಳಿಸಿದ ಮೆಷಿನ್ ಎಷ್ಟೇ ಅಗ್ಗವಾದರೂ ಬೇಡ. ಅದು ಇನ್ನೊಬ್ಬ ಮೇಸ್ತ್ರಿಯ ಅನ್ನವಾಗಿರಬಹುದು.

ಸಾಮಾನಿಗೆ ಮಾತ್ರ, ಮನುಷ್ಯರಿಗಲ್ಲ

ಬಿಲ್ಲೆ ಹಾಕಿರುವುದನ್ನು ಕೆಲಸದವರಿಗೆ ಮೊದಲೇ ಹೇಳುವುದು ಒಳ್ಳೆಯದು. ಸಾಮಾನು ಹುಡುಕಲು ಹಾಕಿದ್ದೇವೆ, ನಿಮ್ಮನ್ನು ಕಾಯಲು ಅಲ್ಲ ಎಂದರೆ ಅವರಿಗೂ ಬೇಸರವಾಗದು. ಕೆಲಸದವನ ಚೀಲದಲ್ಲಿ, ಸೈಕಲ್ಲಿನಲ್ಲಿ ಗುಟ್ಟಾಗಿ ಹಾಕುವುದು ತಪ್ಪು, ಅದು ಗುಟ್ಟಾಗಿ ಉಳಿಯುವುದೂ ಇಲ್ಲ. ಒಡೆಯನಿಂದ ದೂರವಿರುವ ಅಪರಿಚಿತ ಬಿಲ್ಲೆ ಜತೆಯಲ್ಲೇ ಬರುತ್ತಿದ್ದರೆ ಫೋನಿನಲ್ಲಿ ಎಚ್ಚರಿಕೆ ಮೂಡುವಂತೆ ಆ್ಯಪಲ್ ಮತ್ತು ಗೂಗಲ್ 2024ರ ಮೇ ತಿಂಗಳಲ್ಲಿ ಸೇರಿ ವ್ಯವಸ್ಥೆ ಮಾಡಿವೆ. ಕಳ್ಳನಿಗೂ ಅದೇ ಎಚ್ಚರಿಕೆ ಸಿಗುವುದರಿಂದ, ಕಳುವಾದದ್ದು ತಿಳಿದೊಡನೆ ತಡಮಾಡದೆ ದೂರು ಕೊಡುವುದು ಲೇಸು.

ನಮ್ಮ ಸಂಘಗಳಿಗೂ ಇದರಿಂದ ಉಪಯೋಗವಿದೆ. ಮೈಕ್ ಸೆಟ್ಟು, ಯಕ್ಷಗಾನದ ವೇಷಭೂಷಣದ ಪೆಟ್ಟಿಗೆ ಒಬ್ಬರಿಂದ ಒಬ್ಬರಿಗೆ ಹೋಗಿ, ಕಾರ್ಯಕ್ರಮದ ಹಿಂದಿನ ದಿನ ಯಾರ ಮನೆಯಲ್ಲಿದೆ ಎಂದು ಹುಡುಕಾಡುವುದು ಪದಾಧಿಕಾರಿಗಳಿಗೆ ಹೊಸತೇನಲ್ಲ. ಒಂದೆರಡು ಬಿಲ್ಲೆ ಮತ್ತು ಒಂದು ರಿಜಿಸ್ಟರ್ ಇದ್ದರೆ ಅನಗತ್ಯ ಮಾತುಕತೆಗಳು ತಪ್ಪುತ್ತವೆ.

ಮುಂದಿನ ಆಯುಧ ಪೂಜೆಯ ವರೆಗೆ ಕಾಯಬೇಕಾಗಿಲ್ಲ. ಬರುವ ಭಾನುವಾರವೇ ಗೋದಾಮಿನ ಸಾಮಾನು ಎಣಿಸಿ ಪುಸ್ತಕದಲ್ಲಿ ಬರೆದಿಡಿ, ಬೆಲೆಬಾಳುವ ನಾಲ್ಕಕ್ಕೆ ಬಿಲ್ಲೆ ಹಾಕಿ. ಆಮೇಲೆ ಒಂದು ಮೆಷಿನ್ ಕಾಣದಿದ್ದರೆ ಮೊದಲು ಫೋನ್ ನೋಡಿ, ನಂತರ ಪುಸ್ತಕ ನೋಡಿ, ಟೆಂಪೋದ ಸೀಟಿನ ಹಿಂದೆ ನೋಡಿ. ಕೆಲಸದವನ ಮುಖ ನೋಡುವುದು ಅವೆಲ್ಲ ಆದ ಮೇಲೆ.