ಸೈನಿಕರ ಮಾನಸಿಕ ಒತ್ತಡ: ತಪ್ಪು ಕಲ್ಪನೆ ಮತ್ತು ಸತ್ಯ

ಕೆಲಸ ಬೇಡುವ ಹೊಣೆಗೂ ಅದನ್ನು ನಿಭಾಯಿಸಲು ದೊರೆಯುವ ವಿಶ್ರಾಂತಿ, ಬೆಂಬಲ ಮತ್ತು ಸ್ವಾತಂತ್ರ್ಯಕ್ಕೂ ತಾಳೆಯಾಗದಿದ್ದಾಗ ಹುಟ್ಟುವ ಬಿಗಿತವನ್ನು ವೃತ್ತಿಜನ್ಯ ಒತ್ತಡ ಎನ್ನುತ್ತಾರೆ. ಸೇನೆಯ ವಿಷಯದಲ್ಲಿ ಇದನ್ನು ವ್ಯಕ್ತಿಯ ದೌರ್ಬಲ್ಯವೆಂದು ಭಾವಿಸುವುದರಿಂದಲೇ ಮುಂದಿನ ಕಲ್ಪನೆಗಳು ಬೆಳೆದಿವೆ.

ತಪ್ಪು ಕಲ್ಪನೆ: ಧೈರ್ಯವಂತರ ಮನಸ್ಸು ಕುಸಿಯುವುದಿಲ್ಲ.
ಸತ್ಯ: ಮೊದಲ ಮಹಾಯುದ್ಧದಲ್ಲಿ ನೆನಪು, ದೃಷ್ಟಿ, ರುಚಿ ಕುಂದಿದ ಸೈನಿಕರ ಸ್ಥಿತಿಯನ್ನು ಬ್ರಿಟಿಷ್ ಮನೋವಿಜ್ಞಾನಿ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಡಿ ವಿವರಿಸಿದರು. 1917ರಲ್ಲಿ ಇದೇ ಕಾರಣಕ್ಕೆ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆ ಸೇರಿದ ಕವಿ ವಿಲ್ಫ್ರೆಡ್ ಓವೆನ್, ಮರುವರ್ಷ ರಣರಂಗಕ್ಕೆ ಮರಳಿ, ತೋರಿದ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕಕ್ಕೆ ಪಾತ್ರರಾದರು.

ತಪ್ಪು ಕಲ್ಪನೆ: ಸೈನಿಕರನ್ನು ಕಾಡುವುದು ಯುದ್ಧದ ಆಘಾತವೊಂದೇ.
ಸತ್ಯ: ಇರಾಕ್ ಮತ್ತು ಅಫ್ಘಾನಿಸ್ತಾನ ಯುದ್ಧಗಳ ಕಾಲದ ಬ್ರಿಟಿಷ್ ಸೈನಿಕರನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಘಟನೆಯ ನೆನಪು ಮತ್ತೆ ಮತ್ತೆ ಮರುಕಳಿಸುವ ಆಘಾತೋತ್ತರ ಒತ್ತಡದ ಲಕ್ಷಣಗಳು ಸುಮಾರು ಶೇ. 4ರಷ್ಟು ಮಂದಿಯಲ್ಲಿ ಕಂಡರೆ, ಮದ್ಯದ ದುರ್ಬಳಕೆ ಶೇ. 13ರಷ್ಟು ಮಂದಿಯಲ್ಲಿ, ಖಿನ್ನತೆ ಮತ್ತು ಆತಂಕದಂತಹ ಸಾಮಾನ್ಯ ತೊಂದರೆಗಳ ಲಕ್ಷಣಗಳು ಸುಮಾರು ಶೇ. 20ರಷ್ಟು ಮಂದಿಯಲ್ಲಿ ಕಂಡವು. ಊರಿನಲ್ಲಿ ಜಮೀನಿನ ತಕರಾರು ಎದ್ದಿದೆ, ತಾಯಿ ಹಾಸಿಗೆ ಹಿಡಿದಿದ್ದಾರೆ ಎಂಬ ಸುದ್ದಿಯನ್ನು ಫೋನಿನಲ್ಲಿ ಕೇಳಿಯೂ ರಜೆ ಸಿಗದೆ ರಾತ್ರಿ ಪಹರೆಗೆ ನಿಲ್ಲಬೇಕಾದ ಯೋಧನಿಗೆ, ಶತ್ರುವಿನ ಗುಂಡು ಹಾರದಿದ್ದರೂ ನಿದ್ದೆ ಕೆಡುತ್ತದೆ.

ತಪ್ಪು ಕಲ್ಪನೆ: ಹಲ್ಲುಕಚ್ಚಿ ಸಹಿಸುವುದೇ ಒತ್ತಡವನ್ನು ಎದುರಿಸುವ ಸರಿಯಾದ ದಾರಿ.
ಸತ್ಯ: ಮನೋವಿಜ್ಞಾನಿಗಳಾದ ರಿಚರ್ಡ್ ಲಾಜರಸ್ ಮತ್ತು ಸುಸಾನ್ ಫೋಕ್‌ಮನ್ 1984ರ ತಮ್ಮ ಗ್ರಂಥದಲ್ಲಿ ನಿಭಾವಣೆಯ ಎರಡು ಬಗೆಗಳನ್ನು ಗುರುತಿಸಿದರು: ಕಷ್ಟದ ಕಾರಣವನ್ನೇ ಬದಲಿಸಲು ಯತ್ನಿಸುವುದು ಸಮಸ್ಯಾಕೇಂದ್ರಿತ, ಕಷ್ಟ ಎಬ್ಬಿಸಿದ ಭಾವನೆಯನ್ನು ಹತೋಟಿಗೆ ತರುವುದು ಭಾವಕೇಂದ್ರಿತ. ರಜೆಯ ಅರ್ಜಿಯನ್ನು ಮೇಲಧಿಕಾರಿಯ ಮುಂದೆ ಮತ್ತೊಮ್ಮೆ ಇಡುವುದು ಮೊದಲ ಬಗೆಗೆ ಸೇರಿದರೆ, ಹಿಮ ಬಿದ್ದು ದಾರಿಯೇ ಮುಚ್ಚಿದಾಗ ಜೊತೆಗಾರನೊಡನೆ ಮನಬಿಚ್ಚಿ ಮಾತನಾಡುವುದು ಎರಡನೆಯ ಬಗೆಗೆ ಸೇರುತ್ತದೆ. ಸಂದರ್ಭಕ್ಕೆ ಯಾವುದು ಒಪ್ಪುತ್ತದೆಂದು ತಿಳಿಯುವುದೇ ಇಲ್ಲಿನ ಜಾಣ್ಮೆ. ಕುಡಿತದಲ್ಲಿ ಮರೆಯುವುದಾಗಲಿ ಮೌನದಲ್ಲಿ ಹೂತಿಡುವುದಾಗಲಿ ತೊಂದರೆಯನ್ನು ಮುಂದೂಡುತ್ತದೆಯೇ ಹೊರತು ಕಳೆಯುವುದಿಲ್ಲ.

ತಪ್ಪು ಕಲ್ಪನೆ: ಮನೋವೈದ್ಯರ ಬಳಿ ಹೋದರೆ ನೌಕರಿ ಮುಗಿದಂತೆ.
ಸತ್ಯ: ಈ ಭಯ ಪೂರ್ತಿ ನಿರಾಧಾರವಲ್ಲ. ಭಾರತೀಯ ಸೇನೆಯ ‘ಶೇಪ್’ ಎಂಬ ವೈದ್ಯಕೀಯ ವರ್ಗೀಕರಣದ ಮೊದಲ ಅಕ್ಷರ ಮನಸ್ಸಿನ ಸ್ಥಿತಿಯನ್ನೇ ಸೂಚಿಸುವುದರಿಂದ, ಅಲ್ಲಿ ಶ್ರೇಣಿ ಇಳಿದರೆ ನಿಯೋಜನೆ ಮತ್ತು ಬಡ್ತಿಗೆ ತೊಡಕಾಗಬಹುದು. ಆದರೆ ತಾತ್ಕಾಲಿಕವಾಗಿ ಇಳಿದ ಶ್ರೇಣಿಯನ್ನು ಮರುಪರಿಶೀಲಿಸಿ ಏರಿಸಲು ಅವಕಾಶವಿದೆ. ಚಿಕಿತ್ಸೆಯಿಲ್ಲದೆ ಉಲ್ಬಣಿಸಿದ ಕಾಯಿಲೆಯಾದರೋ ನೌಕರಿಯ ಜೊತೆಗೆ ಜೀವಕ್ಕೂ ಕುತ್ತು ತರಬಲ್ಲದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಪ್ರಮುಖ ಪಾತ್ರ ವಹಿಸಿರುವ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಸಂಖ್ಯೆಯಲ್ಲಿ ಲಭ್ಯವಿದ್ದು, ಸಶಸ್ತ್ರ ಪಡೆಗಳಿಗಾಗಿಯೇ ಅದರ ವಿಶೇಷ ಘಟಕವೊಂದು 2023ರಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು.

ಸಹಾಯ ಕೇಳುವ ಹೊಣೆಯನ್ನು ಯೋಧನೊಬ್ಬನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಸಕಾಲದಲ್ಲಿ ರಜೆ, ಸಾಕಷ್ಟು ನಿದ್ದೆ, ಅಳುಕಿಲ್ಲದೆ ಮಾತನಾಡಬಹುದಾದ ಅಧಿಕಾರಿ, ಇವನ್ನು ಒದಗಿಸುವುದು ಸೇನಾ ವ್ಯವಸ್ಥೆಯ ಕರ್ತವ್ಯ. ಒತ್ತಡದ ಮೂಲ ಕೆಲಸದ ಸ್ಥಿತಿಗತಿಯಲ್ಲಿರುವಾಗ ಪರಿಹಾರವೂ ಅಲ್ಲಿಂದಲೇ ಆರಂಭವಾಗಬೇಕು.