ಶತಮಾನ ದಾಟಿದ ಪಿಸ್ತೂಲು

ಅಮೆರಿಕದ ಸೇನೆ 1911ರಲ್ಲಿ ಅಂಗೀಕರಿಸಿದ ಪಿಸ್ತೂಲೊಂದನ್ನು ಅಲ್ಲಿಯ ಗುರಿಗಾರರು ಇಂದಿಗೂ ಕೈಬಿಟ್ಟಿಲ್ಲ. ಜಾನ್ ಬ್ರೌನಿಂಗ್ ಎಂಬ ಶಿಲ್ಪಿ ರೂಪಿಸಿದ ಈ ಆಯುಧ ಅಂದಿನ ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ಒಮ್ಮೆಯೂ ತಡವರಿಸದೆ ಹಾರಿಸಿತ್ತು. ಇದು ಬರಿಯ ಹಳೆಯದರ ಮೋಹವೇ?

ಯೋಧನ ದೃಷ್ಟಿಯಿಂದ ಇದರ ಕಾಲ ಮುಗಿಯಿತೆನ್ನಲೇಬೇಕು. ಮ್ಯಾಗಜೀನಿನಲ್ಲಿ ಏಳೇ ಗುಂಡು. ತೂಕವೋ, ಬರಿದಾಗಿದ್ದಾಗಲೇ ಒಂದು ಕಿಲೋಗ್ರಾಮಿಗೂ ಮಿಗಿಲು. 1985ರಲ್ಲಿ ಇದರ ಸ್ಥಾನಕ್ಕೆ ಬಂದ ಇಟಲಿಯ ಬೆರೆಟ್ಟಾ 15 ಗುಂಡು ಹಿಡಿಯುತ್ತಿತ್ತು. ಪ್ಲಾಸ್ಟಿಕ್ ಒಡಲಿನ ಆಸ್ಟ್ರಿಯದ ಗ್ಲಾಕ್ 17 ಗುಂಡು ಹಿಡಿದೂ ಹಗುರ.

ಗುರಿಯ ಕಣದಲ್ಲಿ ಮಾತೇ ಬೇರೆ. ಅನೇಕ ಪಿಸ್ತೂಲುಗಳಲ್ಲಿ ಬೆರಳಿನಿಂದ ಎಳೆಯುವ ಕುದುರೆ ಕೀಲಿನ ಮೇಲೆ ಓಲಾಡುತ್ತದೆ. ಇದರಲ್ಲಿ ನೇರವಾಗಿ ಹಿಂದಕ್ಕೆ ಸರಿಯುತ್ತದೆ. ಎಳೆತ ಗಿಡ್ಡ, ಹದವಾದದ್ದು. ಆದುದರಿಂದ ಗುಂಡು ಹೊರಡುವ ಕ್ಷಣದಲ್ಲಿ ಕೈ ಕದಲುವುದು ಕಡಿಮೆ. ಸೊಂಟಕ್ಕೆ ಹೊರೆಯಾಗಿದ್ದ ತೂಕವೇ ಇಲ್ಲಿ ಗುಂಡಿನ ಹಿನ್ನೂಕನ್ನು ನುಂಗುವ ಗುಣವಾಗುತ್ತದೆ. ಓಹಾಯೊದ ಕ್ಯಾಂಪ್ ಪೆರಿಯ ಸ್ಪರ್ಧೆಗಳಲ್ಲಿ ಇದು ಈಗಲೂ ಕಾಣಸಿಗುವುದು ಇದರಿಂದಲೇ.

ಹೊಸಬನಿಗೆ ಮೊದಲ ಪಿಸ್ತೂಲಾಗಿ ಇದನ್ನು ಕೊಡುವುದು ಮಾತ್ರ ಉಚಿತವಲ್ಲ. ಸುತ್ತಿಗೆಯನ್ನೆತ್ತಿ, ಹೆಬ್ಬೆರಳಿನ ತಡೆಯನ್ನು ಹಾಕಿ ಒಯ್ಯುವುದು ಇದರ ಪದ್ಧತಿ. ಹಿಡಿಯನ್ನು ಬಿಗಿಹಿಡಿದು ಆ ತಡೆಯನ್ನು ಸರಿಸಿದರೆ, ಬೆರಳಿನ ಅಲ್ಪ ಒತ್ತಡವೇ ಗುಂಡು ಹಾರಿಸಲು ಸಾಕು.