ಹಾಲೂ ಬೇಕು, ಮಡಿಲೂ ಬೇಕು

ಮಹಾಭಾರತದ ಕರ್ಣನನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಲೋಕಾಪವಾದಕ್ಕೆ ಹೆದರಿದ ತಾಯಿ ಹಸುಗೂಸನ್ನು ಹೊಳೆಯಲ್ಲಿ ತೇಲಿಬಿಟ್ಟಳು. ಸೂತನೊಬ್ಬನಿಗೆ ಸಿಕ್ಕಿದ ಆ ಕೂಸನ್ನು ಅವನ ಮಡದಿ ರಾಧೆ ಎತ್ತಿ ಸಾಕಿದಳು. ತಾನು ಕುಂತಿಯ ಮಗನೆಂದು ತಿಳಿದ ಮೇಲೂ ಕರ್ಣನು ರಾಧೇಯನೆಂಬ ಹೆಸರನ್ನು ಬಿಡಲಿಲ್ಲ. ಕಾವ್ಯವನ್ನು ಓದುವಾಗ ನಾವು ಕುಂತಿಯ ದುಃಖವನ್ನೂ ಕರ್ಣನ ದಾನಶೌರ್ಯಗಳನ್ನೂ ಕೊಂಡಾಡುತ್ತೇವೆ. ರಾಧೆ ಆ ಕೂಸಿಗೆ ಏನು ಕುಡಿಸಿದಳು, ರಾತ್ರಿ ಅತ್ತಾಗ ಹೇಗೆ ಸಂತೈಸಿದಳು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಲೇಖನದ ವಿಷಯ ರಾಧೆಯ ಆ ಕೆಲಸವೇ.

ಹೆತ್ತವರು ಬಿಟ್ಟುಹೋದ ಕೂಸುಗಳು ಇಂದಿಗೂ ಆಸ್ಪತ್ರೆಯ ಜಗಲಿಯಲ್ಲಿ, ಬಸ್ ನಿಲ್ದಾಣದಲ್ಲಿ, ಬೇಲಿಯ ಬದಿಯಲ್ಲಿ ಸಿಗುತ್ತವೆ. ಕಡುಬಡತನ, ಮದುವೆಯಾಗದೆ ತಾಯಿಯಾದ ಹುಡುಗಿಯ ಭಯ, ಮತ್ತೆ ಹೆಣ್ಣೇ ಹುಟ್ಟಿತೆಂಬ ತಾತ್ಸಾರ, ಕೂಸಿನ ಅಂಗವೈಕಲ್ಯ, ಇವು ಸಾಮಾನ್ಯ ಕಾರಣಗಳು. ಇಂಥವರನ್ನು ಅನಾಥರೆಂದು ಕರೆಯುವುದು ರೂಢಿ. ಆದರೆ ಇವರಲ್ಲಿ ಅನೇಕರ ತಂದೆತಾಯಿಗಳು ಎಲ್ಲಿಯೋ ಬದುಕಿರುತ್ತಾರೆ. ಇಂಥ ಕೂಸುಗಳನ್ನು ಸಾಕುವುದೆಂದರೆ ಹೊಟ್ಟೆಗೆ ಹಾಕುವುದಷ್ಟೇ ಅಲ್ಲ ಎಂಬುದನ್ನು ನಮ್ಮ ತಮಿಳುನಾಡಿನಲ್ಲಿಯೇ ಇರುವ ಒಂದು ಕ್ರೈಸ್ತ ಶಿಶುಗೃಹದ ಚರಿತ್ರೆಯಿಂದ ತಿಳಿಯಬಹುದು.

ಡೋನಾವೂರಿನ ಮನೆ

ಐರ್ಲೆಂಡಿನಲ್ಲಿ 1867ರಲ್ಲಿ ಹುಟ್ಟಿದ ಏಮಿ ಕಾರ್ಮೈಕಲ್ ಎಂಬ ಮಹಿಳೆ 1895ರಲ್ಲಿ ಮೊದಲು ಕೆಲಸಕ್ಕೆ ಬಂದದ್ದು ನಮಗೆ ಹತ್ತಿರದ ಬೆಂಗಳೂರಿಗೆ. ಅಲ್ಲಿಂದ ಅವರು ತಿರುನೆಲ್ವೇಲಿ ಸೀಮೆಗೆ ಹೋಗಿ, ತಮಿಳು ಕಲಿತು, ಡೋನಾವೂರು ಎಂಬ ಹಳ್ಳಿಯಲ್ಲಿ ನೆಲೆಸಿದರು. ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಎಳವೆಯಲ್ಲಿಯೇ ದೇವಸ್ಥಾನಕ್ಕೆ ಒಪ್ಪಿಸಿಬಿಡುವ ಪದ್ಧತಿ ಇತ್ತು. ಮದರಾಸು ಪ್ರಾಂತದಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿದ್ದು 1947ರಲ್ಲಿ. ಹಾಗೆ ಒಪ್ಪಿಸಲ್ಪಟ್ಟಿದ್ದ ಏಳು ವರ್ಷದ ಹುಡುಗಿಯೊಬ್ಬಳು 1901ರಲ್ಲಿ ತಪ್ಪಿಸಿಕೊಂಡು ಇವರ ಆಶ್ರಯಕ್ಕೆ ಬಂದಳು. 1904ರಲ್ಲಿ ಹದಿಮೂರು ದಿನದ ಕೂಸೊಂದು ಬಂದಿತು. ಅದರ ಹಿಂದೆಯೇ ಇನ್ನಷ್ಟು ಕೂಸುಗಳು ಬಂದವು.

ಏಳು ವರ್ಷದ ಹುಡುಗಿಗೆ ಅನ್ನ ಹಾಕಬಹುದು, ಅಕ್ಷರ ಕಲಿಸಬಹುದು. ಹದಿಮೂರು ದಿನದ ಕೂಸಿಗೆ ಏನು ಮಾಡುವುದು? ಎದೆಹಾಲು ಕೊಡಲು ಒಪ್ಪುವ ತಾಯಂದಿರು ಹಳ್ಳಿಯಲ್ಲಿ ಸಿಗುವುದು ದುರ್ಲಭವಾಗಿತ್ತು, ಜಾತಿಯ ಕಟ್ಟು ಅಡ್ಡ ಬರುತ್ತಿತ್ತು. ಹತ್ತಿರದಲ್ಲಿ ವೈದ್ಯರಿರಲಿಲ್ಲ. ಆರಂಭದ ವರ್ಷಗಳಲ್ಲಿಯೇ ಕೆಲವು ಕೂಸುಗಳು ರೋಗಕ್ಕೆ ತುತ್ತಾದವು. ಆಗ ಅವರು ಆಸ್ಪತ್ರೆಯಿದ್ದ ನೆಯ್ಯೂರಿನಲ್ಲಿ, ಅಂದರೆ ಈಗಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ, ಎಳೆಗೂಸುಗಳಿಗಾಗಿ ಒಂದು ಶಿಶುಗೃಹವನ್ನು ತೆರೆದರು. ಅದರ ಹೊಣೆ ಹೊತ್ತವರು ಪೊನ್ನಮ್ಮಾಳ್ ಎಂಬ ತಮಿಳು ವಿಧವೆ. ಅವರು ಶಿಶುಪೋಷಣೆಯನ್ನು ಅಲ್ಲಿಯೇ ಕಲಿತು, ಜೊತೆಯವರಿಗೂ ಕಲಿಸಿದರು. 1915ರಲ್ಲಿ ತೀರಿಕೊಂಡ ಈ ತಾಯಿಯ ಹೆಸರು ಏಮಿಯವರ ಹೆಸರಿನಷ್ಟು ಪ್ರಸಿದ್ಧವಾಗಲಿಲ್ಲ. ಆದರೆ ನಾವು ರಾಧೆಯ ಕೆಲಸವೆಂದದ್ದನ್ನು ಹಗಲಿರುಳು ಮಾಡಿದವರಲ್ಲಿ ಅವರೇ ಮೊದಲಿಗರು.

ಹಾಲಿನ ಪ್ರಶ್ನೆ

ಹಸುವಿನ ಹಾಲು ಕರುವಿಗೆ ತಕ್ಕದ್ದು. ಅದರಲ್ಲಿ ಸಸಾರಜನಕವೂ ಲವಣಗಳೂ ಮನುಷ್ಯ ತಾಯಿಯ ಹಾಲಿನಲ್ಲಿರುವುದಕ್ಕಿಂತ ಬಹಳ ಹೆಚ್ಚು. ಎಳೆಗೂಸಿನ ಮೂತ್ರಪಿಂಡಗಳಿಗೆ ಅದು ಭಾರ. ಅದಕ್ಕೆ ನೀರು ಬೆರೆಸಿದರೆ ಪುಷ್ಟಿ ಕಡಿಮೆಯಾಗುತ್ತದೆ, ಆ ನೀರು ಕೊಳಕಾಗಿದ್ದರೆ ಭೇದಿ ಹಿಡಿಯುತ್ತದೆ. ಎದೆಹಾಲಿನಿಂದ ಬರುವ ರೋಗನಿರೋಧಕ ಶಕ್ತಿಯೂ ಬಿಟ್ಟುಹೋದ ಕೂಸಿಗೆ ದೊರೆಯುವುದಿಲ್ಲ. ಆದ್ದರಿಂದಲೇ ಹಿಂದೆ ಶಿಶುಗೃಹಗಳಲ್ಲಿ ಭೇದಿಯು ಮೃತ್ಯುವಿನಂತೆ ಬರುತ್ತಿತ್ತು.

ಈಗ ವೈದ್ಯರ ಸಲಹೆಯಂತೆ ಶಿಶುಗಳಿಗೆಂದೇ ತಯಾರಾದ ಪುಡಿಹಾಲನ್ನು ಕಾಯಿಸಿದ ನೀರಿನಲ್ಲಿ ಕಲಸಿ ಕೊಡುತ್ತಾರೆ. ಎದೆಹಾಲಿನ ಬ್ಯಾಂಕುಗಳೂ ಇವೆ. ನಮ್ಮ ದೇಶದಲ್ಲಿ ಅಂಥ ಮೊದಲ ಬ್ಯಾಂಕು ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಆರಂಭವಾಯಿತು. ಕುಡಿಸಲು ಸೀಸೆಗಿಂತ ನಮ್ಮ ಅಜ್ಜಿಯರ ಒಳಲೆಯೇ ಮೇಲು, ಏಕೆಂದರೆ ಅದನ್ನು ಸುಲಭವಾಗಿ ತೊಳೆದು ಕುದಿಸಬಹುದು. ತಮಿಳಿನಲ್ಲಿ ಇದನ್ನು ಪಾಲಾಡೈ ಎನ್ನುತ್ತಾರೆ. ಎರಡು ಮೂರು ಗಂಟೆಗೊಮ್ಮೆ, ನಡುರಾತ್ರಿಯಲ್ಲಿಯೂ, ಕೂಸನ್ನು ತೊಡೆಯ ಮೇಲೆ ತಲೆ ಎತ್ತರಿಸಿ ಹಿಡಿದು ಕುಡಿಸಬೇಕು. ಆಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ಸವರಬೇಕು. ಮಲಗಿದ ಕೂಸಿನ ಬಾಯಿಗೆ ಸೀಸೆ ಒತ್ತರಿಸಿಟ್ಟು ಹೋದರೆ ಹಾಲು ಶ್ವಾಸನಾಳಕ್ಕೆ ಇಳಿಯುವ ಅಪಾಯವುಂಟು. ಹತ್ತು ಕೂಸುಗಳಿಗೆ ಒಬ್ಬಳೇ ಆಯಾ ಇರುವಲ್ಲಿ ಈ ನಿಯಮ ಮೊದಲು ಮುರಿಯುತ್ತದೆ.

ಮಡಿಲಿನ ಪ್ರಶ್ನೆ

ಹಾಲು, ಔಷಧ, ಶುಚಿತ್ವ ಎಲ್ಲವೂ ಸರಿಯಾಗಿದ್ದರೆ ಸಾಕೇ? ಸಾಲದು. ರೆನೆ ಸ್ಪಿಟ್ಜ್ ಎಂಬ ವೈದ್ಯರು 1945ರಲ್ಲಿ ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲಿದರು. ಅವರು ಎರಡು ಕಡೆಯ ಕೂಸುಗಳನ್ನು ಹೋಲಿಸಿ ನೋಡಿದರು. ಒಂದು ಕಡೆ ಸೆರೆಮನೆಯ ಶಿಶುಗೃಹ. ಅಲ್ಲಿ ಕೈದಿಗಳಾದ ತಾಯಂದಿರೇ ತಮ್ಮ ಕೂಸುಗಳನ್ನು ಎತ್ತಿ ಆಡಿಸುತ್ತಿದ್ದರು. ಇನ್ನೊಂದು ಕಡೆ ಅತ್ಯಂತ ಶುಚಿಯಾದ ಅನಾಥ ಶಿಶುಗೃಹ. ಅಲ್ಲಿ ಸುಮಾರು ಎಂಟು ಕೂಸುಗಳಿಗೆ ಒಬ್ಬಳು ದಾದಿ. ಸೆರೆಮನೆಯ ಕೂಸುಗಳು ಚೆನ್ನಾಗಿ ಬೆಳೆದವು. ಶುಚಿಯಾದ ಮನೆಯ ಕೂಸುಗಳು ಮೂಕವಾಗಿ ಸೂರು ನೋಡುತ್ತ ಮಲಗಿದವು, ನಡೆನುಡಿಗಳಲ್ಲಿ ಹಿಂದೆ ಬಿದ್ದವು. ಅಲ್ಲಿನ 91 ಕೂಸುಗಳಲ್ಲಿ 34 ಕೂಸುಗಳು ಎರಡು ವರ್ಷಗಳೊಳಗೆ ಸತ್ತವು.

ಕೂಸಿನ ಅಳು ಅದರ ಮೊದಲ ಮಾತು. ಅತ್ತಾಗ ಒಂದೇ ಮುಖ ಮತ್ತೆ ಮತ್ತೆ ಬಂದು ಎತ್ತಿಕೊಂಡರೆ, ತನ್ನ ಮಾತಿಗೆ ಬೆಲೆಯಿದೆಯೆಂದು ಕೂಸು ಕಲಿಯುತ್ತದೆ. ಯಾರೂ ಬಾರದಿದ್ದರೆ ಕೆಲವು ವಾರಗಳಲ್ಲಿ ಅಳುವುದನ್ನೇ ಬಿಡುತ್ತದೆ. ಅಳದ ಕೂಸನ್ನು ನೋಡಿ ಒಳ್ಳೆಯ ಕೂಸು ಎನ್ನುವವರುಂಟು. ಬಲ್ಲವರು ಅದನ್ನು ಕಂಡು ಹೆದರುತ್ತಾರೆ.

ಡೋನಾವೂರಿನವರು ಈ ಸಂಶೋಧನೆಗೆ ಬಹಳ ಮೊದಲೇ ತಮ್ಮ ಮನೆಯನ್ನು ಕುಟುಂಬದಂತೆ ಕಟ್ಟಿದ್ದರು. ಅಲ್ಲಿ ಸಾಕುವ ತಮಿಳು ಹೆಂಗಸರನ್ನು ಮಕ್ಕಳು ಅಕ್ಕಾಳ್ ಎಂದೂ, ವಿದೇಶದಿಂದ ಬಂದವರನ್ನು ಚಿತ್ತಿ, ಅಂದರೆ ಚಿಕ್ಕಮ್ಮ, ಎಂದೂ ಕರೆಯುತ್ತಿದ್ದರು. ಏಮಿಯವರು ಎಲ್ಲರಿಗೂ ಅಮ್ಮೈ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮನೆಗೆ ಬಂದ ದಿನವನ್ನೇ ಹಬ್ಬವಾಗಿ ಆಚರಿಸುತ್ತಿದ್ದರು. 1951ರಲ್ಲಿ ಏಮಿಯವರು ತೀರಿಕೊಂಡಾಗ ಅವರ ಸಮಾಧಿಯ ಬಳಿ ಇಟ್ಟ, ಹಕ್ಕಿಗಳು ನೀರು ಕುಡಿಯುವ ಕಲ್ಲಿನ ಮೇಲೆ ಕೊರೆದದ್ದೂ ಅಮ್ಮೈ ಎಂಬ ಆ ಒಂದೇ ಪದ.

ಒಂದರಿಂದ ಮೂರು ವರ್ಷದ ಮಕ್ಕಳ ಸಂಗತಿ ಇನ್ನೂ ಸೂಕ್ಷ್ಮ. ನೆಲೆ ಕಂಡಿರದ ಮಗು ಹೊಟ್ಟೆ ತುಂಬಿದ್ದರೂ ರೊಟ್ಟಿಯ ಚೂರನ್ನು ದಿಂಬಿನಡಿ ಬಚ್ಚಿಡಬಹುದು. ಬಂದ ಅಪರಿಚಿತರನ್ನೆಲ್ಲ ಅಪ್ಪಿಕೊಳ್ಳಬಹುದು. ಇದು ಸಲಿಗೆಯಲ್ಲ, ತನ್ನವರು ಯಾರೆಂದು ತಿಳಿಯದ ಲಕ್ಷಣ. ಗದರಿದರೆ ಹೋಗುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಅದೇ ಹಾಸಿಗೆ, ಅದೇ ಲಾಲಿ, ಅದೇ ಅಕ್ಕ ಇದ್ದರೆ ಬರಬರುತ್ತ ಕಡಿಮೆಯಾಗುತ್ತದೆ.

ಶಿಶುಗೃಹ ಎಷ್ಟೇ ಚೆನ್ನಾಗಿದ್ದರೂ ಕುಟುಂಬಕ್ಕೆ ಅದು ಸಮನಲ್ಲ. ರುಮೇನಿಯಾ ದೇಶದ ಬುಖಾರೆಸ್ಟಿನಲ್ಲಿ 2000ದಿಂದ ಆರಂಭವಾದ ಅಧ್ಯಯನದಲ್ಲಿ ಅನಾಥಾಲಯದ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಕೊಟ್ಟರು. ಆ ಮಕ್ಕಳು ಹೆಚ್ಚು ಚೇತರಿಸಿಕೊಂಡರು, ಅದರಲ್ಲಿಯೂ ಎರಡು ವರ್ಷದೊಳಗೆ ಹೋದವರು.

ಇಂದಿನ ಕಾನೂನು, ನಮ್ಮ ಕರ್ತವ್ಯ

ಕನ್ನಡದ ತೊಟ್ಟಿಲೂ ತಮಿಳಿನ ತೊಟ್ಟಿಲ್ಲೂ ಒಂದೇ ಮಾತು. ಹೆಣ್ಣುಶಿಶುಹತ್ಯೆಯನ್ನು ತಡೆಯಲು ತಮಿಳುನಾಡು ಸರ್ಕಾರ 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಮಗು ಯೋಜನೆಯನ್ನು ಆರಂಭಿಸಿತು. ಸಾಕಲಾರದ ತಾಯಿ ಕೂಸನ್ನು ಆ ತೊಟ್ಟಿಲಲ್ಲಿ ಬಿಟ್ಟುಹೋಗಬಹುದಾಗಿತ್ತು. 2001ರಲ್ಲಿ ಇದು ಧರ್ಮಪುರಿ ಮೊದಲಾದ ಜಿಲ್ಲೆಗಳಿಗೆ ವಿಸ್ತರಿಸಿತು. ನಮ್ಮ ಹೊಸೂರು ಆಗ ಧರ್ಮಪುರಿ ಜಿಲ್ಲೆಯಲ್ಲಿಯೇ ಇತ್ತು. ಕೇರಳದಲ್ಲಿ 2002ರಿಂದ ಅಮ್ಮತ್ತೊಟ್ಟಿಲ್ ಇದೆ.

2015ರ ಬಾಲನ್ಯಾಯ ಕಾಯಿದೆಯಂತೆ ಸಿಕ್ಕಿದ ಕೂಸನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಇಗರ್ಜಿಯವರು ನಡೆಸಲಿ, ಮಠದವರು ನಡೆಸಲಿ, ಸರ್ಕಾರವೇ ನಡೆಸಲಿ, ಎಲ್ಲ ಶಿಶುಗೃಹಗಳಿಗೂ ಇದೊಂದೇ ನಿಯಮ. ಕೂಸನ್ನು ಬೇಲಿಯಲ್ಲಿ ಬಿಸಾಡುವುದು ಅಪರಾಧ. ಸಾಕಲಾರೆನೆಂದು ಸಮಿತಿಗೆ ಒಪ್ಪಿಸುವುದು ಅಪರಾಧವಲ್ಲ. ಹಾಗೆ ಒಪ್ಪಿಸಿದವರಿಗೆ ಮನಸ್ಸು ಬದಲಾಯಿಸಲು ಎರಡು ತಿಂಗಳ ಕಾಲಾವಕಾಶವೂ ಇದೆ. ಸಿಕ್ಕ ಕೂಸನ್ನು ದಯೆಯಿಂದಲೇ ಆದರೂ ಯಾರೂ ನೇರವಾಗಿ ಮನೆಗೆ ಕೊಂಡೊಯ್ದು ಇಟ್ಟುಕೊಳ್ಳುವಂತಿಲ್ಲ. ದತ್ತು ಬೇಕೆನ್ನುವವರು ಕಾನೂನಿನ ದಾರಿಯಲ್ಲಿಯೇ ಹೋಗಬೇಕು.

ವಿದ್ಯಾರ್ಥಿಗಳೇ, ಇಂಥ ಮನೆಗಳಿಗೆ ಹೋದಾಗ ಒಂದು ದಿನ ಮಿಠಾಯಿ ಹಂಚಿ, ಕೂಸುಗಳನ್ನು ಕೈಯಿಂದ ಕೈಗೆ ದಾಟಿಸಿ, ಫೋಟೋ ತೆಗೆಸಿಕೊಂಡು ಬರಬೇಡಿರಿ. ಒಲಿದು ಮರೆಯಾಗುವ ಮುಖಗಳನ್ನು ಆ ಮಕ್ಕಳು ಸಾಕಷ್ಟು ಕಂಡಿವೆ. ಮಗ್ಗುಲುಬಟ್ಟೆ, ಸಾಬೂನು, ಪುಡಿಹಾಲು ಇವುಗಳಲ್ಲಿ ಏನು ಬೇಕೆಂದು ಅಲ್ಲಿಯವರನ್ನೇ ಕೇಳಿ ಒದಗಿಸಿರಿ. ತರಗತಿಯಲ್ಲಿ ಅಂಥ ಮನೆಯಿಂದ ಬಂದ ಸಹಪಾಠಿ ಇದ್ದರೆ ತಂದೆಯ ಹೆಸರು ಕೇಳಿ ನೋಯಿಸಬೇಡಿರಿ.

ಪೋಷಕರಲ್ಲಿ ಒಂದು ವಿನಂತಿ. ನೆರೆಯಲ್ಲಿ ಯಾವ ಹೆಣ್ಣುಮಗಳಾದರೂ ಕೂಸನ್ನು ಎದೆಗೊತ್ತಿಕೊಂಡು ದಿಕ್ಕು ತೋಚದೆ ನಿಂತಿದ್ದರೆ, ಅವಳನ್ನು ಹೀಯಾಳಿಸುವ ಮೊದಲು 1098 ಎಂಬ ಸಂಖ್ಯೆಯನ್ನು ಅವಳಿಗೆ ತಿಳಿಸಿರಿ, ಇಲ್ಲವೆ ನೀವೇ ಕರೆ ಮಾಡಿರಿ. ಇದು ಮಕ್ಕಳ ಸಹಾಯವಾಣಿ, ಹಗಲೂ ರಾತ್ರಿಯೂ ಉತ್ತರಿಸುತ್ತದೆ, ಕರೆಗೆ ಹಣವಿಲ್ಲ.